ಫಾಟಾದಾಗ ನಿಂತಾಂವ

ಟಿಕ್... ಟಕ್. ಟಿಕ್... ಟಕ್.

ಮೊದಲ ಕಿವಿಗೆ ಬಿದ್ದದ್ದು ಇಷ್ಟ. ನಮ್ಮ ರೂಪೇಶ ಬಂದ್ ಬಿದ್ದ ಗಾಡಿ ದಬ್ಬಿಕೋತ ಒಬ್ಬನ ನಡದಿದ್ದ. ಚಿಂಚಲಿ ದಾಟಿ ಕೃಷ್ಣಾ ಹೊಳಿ ಕಡೆ ಹೋಗೋ ದಾರಿ. ಮ್ಯಾಲ ಮಳಿ. ಎಡಕ್ಕ ಬಲಕ್ಕ ಆಳೆತ್ತರದ ಕಬ್ಬು. ಎದುರಿಗೆ ದೊಡ್ಡ ಆಲದ ಮರ, ಅದರ ಮಗ್ಗಲಿಗೆ ಯಾರೂ ನೀರು ಸೇದದ ಹಾಳು ಬಾಂವಿ. ಹೊತ್ತು ಮುಣಗಿ ಭಾಳ ಹೊತ್ತಾಗಿರಲಿಲ್ಲ, ಆದ್ರ ಮೋಡ ಕಟ್ಟಿ ಕಗ್ಗತ್ತಲಾಗಿತ್ತು. ಗಾಡಿ ಇಂಜಿನ್ ಸತ್ತಿತ್ತು. ದೀಪ ಸತ್ತಿತ್ತು. ಹಂಗಾದ್ರ ಈ ಸಪ್ಪಳ ಎಲ್ಲಿಂದ?

ಅಂವ ನಿಂತ. ಉಸುರು ಹಿಡದ. ಸಪ್ಪಳ ನಿಲ್ಲಲಿಲ್ಲ...

ತಡೀರಿ, ಮೊದಲಿಂದ ಹೇಳ್ತೀನಿ. ತ್ರೀ ಫೇಸ್ ಕರೆಂಟ್ ಬರಾಕ ಹೆಂಗೂ ಹೊತ್ತೈತಿ. ಕಬ್ಬಿಗೆ ನೀರು ಬಿಡೋತನಕ ನಾವೆಲ್ಲಾ ಈ ಪಂಪಿನ ಮನಿ ಕಟ್ಟಿಮ್ಯಾಲ ಕುಂಡ್ರೋದ ಐತಿ. ಆದ್ರ ನಡುವ ಯಾರೂ ನಗಬಾರ್ದು, ಮೊದಲ ಹೇಳೀನಿ. ರೂಪೇಶ ಅಂದ್ರ ನಮ್ಮ ಕಾಕಾನ ಮಗ, ಹೊರಗಿನಾಂವ ಅಲ್ಲ. ಅಂವ ಸುಳ್ಳು ಹೇಳಂಗಿಲ್ಲ ಅಂತ ನಾ ಅನ್ನಂಗಿಲ್ಲ. ಹೇಳ್ತಾನ. ಆದ್ರ ಹಿಂಥಾದ್ದು ಕಟ್ಟಿ ಹೇಳೋವಷ್ಟು ತಲಿ ಅಂವಗಿಲ್ಲ.

ನಮ್ಮ ಅಕ್ಕೋಳದಾಗ ಅವರು ನಾಕು ಮಂದಿ ಗೆಳ್ಯಾರು. ನಿಲೇಶ, ಕಬ್ಬು ದ್ರಾಕ್ಷಿ ಇದ್ದ ಮನಿತನದಾಂವ. ಅವನ ಗಾಡಿ ಓಣ್ಯಾಗ ಬಂದ್ರ ಹಿಟ್ಟಿನ ಗಿರಣಿ ಚಾಲೂ ಆದಂಗ. ಎಲ್ಲಿಗೆ ಹೋಗೂದು ಅಂತ ಹೇಳಾಂವ ಅಂವನ. ಎರಡನೇದಾಂವ ವಿಕ್ರಾಂತ. ಮೊಬೈಲ್ ನೋಡಿ ದಾರಿ ಹೇಳೋದು ಅವನ ಕೆಲಸ. ನಮ್ಮ ರೂಪೇಶ ಯಾವಾಗಲೂ ಹಿಂದ, ಯಾಕಂದ್ರ ಗುಟ್ಕಾ ಅಂಗಡಿ ಕಂಡಲ್ಲೆಲ್ಲಾ ಅವನ ಗಾಡಿ ತಾನ ನಿಲ್ತೈತಿ. ಇನ್ನ ನಾಕನೇದಾಂವ ಮಹಾದೇವ.

ಮಹಾದೇವ ಕುರಿ ಕಾಯೋ ಮನಿತನದ ಹುಡುಗ. ಅಪ್ಪ ಇಲ್ಲ. ಅವ್ವ ಸಾವಿತ್ರೆವ್ವ, ಈ ಒಬ್ಬನ ಮಗ. ಅವನ ಹಂತ್ಯಾಕ ಮೊಬೈಲ್ ಇರಲಿಲ್ಲ, ಒಂದು ಹಳೇ ಸ್ಪ್ಲೆಂಡರ್ ಇತ್ತು, ಚೈನ್ ಕವರ್ ಸಡ್ಲಾಗಿ ಕಟಕ್ ಕಟಕ್ ಅಂತಿತ್ತು. ಉಳದವರೆಲ್ಲಾ ನೂರೆಂಟು ಕಿಸೆ ಇರೋ ರೇನ್‌ಕೋಟ್ ಹಾಕ್ಕೊಂಡ್ರ ಇಂವ ಗಾಡಿ ಮ್ಯಾಲೂ ಕಂಬಳಿ ಕೊಪ್ಪಿ ಹೊದ್ದು ಕುಂಡ್ರಾಂವ. "ಏ ಕುರುಬರ ರಾಜಾ" ಅಂತ ನಿಲೇಶ ಕಾಡಸ್ತಿದ್ದ. ಮಹಾದೇವ ನಗತಿದ್ದ. ಒಟ್ಟ ಸಿಟ್ಟಿಗೇಳದ ಹುಡುಗ ಅದು.

ಆದ್ರ ಗಾಡಿ ಮ್ಯಾಲ ಕೂಡಿ ಹೋಗೋ ಪದ್ಧತಿ ಅವರಿಗೆ ಕಲಿಸಿದಾಂವ ಈ ಮಹಾದೇವನ. ಇದನ್ನ ಲಕ್ಷ್ಯ ಕೊಟ್ಟು ಕೇಳ್ರಿ, ಕತಿ ಎಲ್ಲಾ ಇದರಾಗ ಐತಿ.

ಕುರಿ ಹಿಂಡು ಹೊಡಕೊಂಡು ಹೊಂಟಾಗ ದಾರಿ ಎರಡಾಗೋ ಫಾಟಾ ಬಂತಂದ್ರ ಒಬ್ಬಾಂವ ಅಲ್ಲೇ ನಿಂತ್ಕೋತಾನ. ಹಿಂದ ಬರೋ ಕುರಿ ತಪ್ಪು ದಾರಿ ಹಿಡೀಬಾರ್ದು ಅಂತ. ಹಿಂಡಿನ ಬಾಲಕ್ಕ ಬರೋ ಮನಶಾ ಬಂದು "ನಾನಽ ಕಡೀ, ನನ್ನ ಹಿಂದ ಯಾರೂ ಇಲ್ಲ" ಅಂತ ಬಾಯಿ ಬಿಟ್ಟು ಹೇಳಬೇಕು. ಹೇಳೋತನಕ ಫಾಟಾದಾಗ ನಿಂತಾಂವ ಕಾಲು ಕೀಳೋ ಹಂಗಿಲ್ಲ. ಕಣ್ಣಿಲೆ ನೋಡಿದ್ರ ಸಾಲಂಗಿಲ್ಲ. ಮಳ್ಯಾಗ, ಕತ್ತಲದಾಗ ಕಣ್ಣು ಮೋಸ ಮಾಡತಾವ. ಬಾಯಿಲೆ ಹೇಳಬೇಕು.

ಗೆಳ್ಯಾರೂ ಇದನ್ನ ಹಿಡಕೊಂಡ್ರು. ಎಲ್ಲಿ ಹೋದ್ರೂ ಫಾಟಾ ಬಂದಲ್ಲಿ ಮಹಾದೇವ ಗಾಡಿ ಬಾಜೂಕ ಹಚ್ಚಿ, ಹೋಗಬೇಕಾದ ಕಡೆ ಇಂಡಿಕೇಟರ್ ಹಾಕಿ ನಿಂತ್ಕೊಳ್ಳಾಂವ. ಕಡೀಕ ರೂಪೇಶ ಬರಾಂವ. "ಹಿಂದ ಯಾರರೆ ಅದಾರೇನಲೇ?" ಅಂತ ಇಂವ ಕೇಳಾಂವ. "ಯಾರೂ ಇಲ್ಲೋ, ನಾನಽ ಕಡೀ" ಅಂತ ಅಂವ ಹೇಳಾಂವ. ಅವಾಗ ಇಂಡಿಕೇಟರ್ ಬಂದ್ ಮಾಡಿ ಇಬ್ಬರೂ ಕೂಡಿ ಹೋಗವ್ರು. ಹಿಂಗ ಅವರು ಗೋವಾ ನೋಡಿ ಬಂದ್ರು, ಗೋಳಗುಮ್ಮಟ ನೋಡಿ ಬಂದ್ರು, ಒಂದ ಸಲನೂ ಯಾರೂ ದಾರಿ ತಪ್ಪಲಿಲ್ಲ.

ಹೋದ ವರ್ಷದ ಹಿಂದಿನ ಮಳಿಗಾಲದಾಗ ಅವರು ಅಥಣಿಗೆ ಹೊಂಟ್ರು. ಚಿಂಚಲಿ ದಾಟಿ ಆಲದ ಮರದ ಫಾಟಾದಾಗ ಎಡಕ್ಕ ತಿರುಗಿದ್ರ ಹೊಳಿ ಮ್ಯಾಲಿನ ಕುಡಚಿ ಪೂಲ್, ಅದನ್ನ ದಾಟಿ ಆಚೆ ಉಗಾರ, ಕಾಗವಾಡ, ಅಥಣಿ. ನಿಲೇಶ, ವಿಕ್ರಾಂತ ಮುಂದ ಹೋದ್ರು. ಮಹಾದೇವ ಎಡಕ್ಕ ಇಂಡಿಕೇಟರ್ ಹಾಕಿ ಫಾಟಾದಾಗ ನಿಂತ. ನಮ್ಮ ರೂಪೇಶ ಹಿಂದ ರಾಯಬಾಗದಾಗ ಪಂಚರ್ ತಗಸ್ಕೋತ ಕುಂತಿದ್ದ.

ಮುಂದಿನವರು ಹೋಗಿ ನೋಡಿದ್ರ ಪೂಲ್ ಮ್ಯಾಲ ನೀರು. ಊರವರು ಜಾಲಿ ಕಂಟಿ ಎಳದು ದಾರಿ ಬಂದ್ ಮಾಡಿದ್ರು. ವಿಕ್ರಾಂತ ಅಲ್ಲಿಂದ ರೂಪೇಶಗ ಫೋನ್ ಮಾಡಿದ.

"ರೂಪ್ಯಾ, ಪ್ಲಾನ್ ಕ್ಯಾನ್ಸಲ್ ಲೇ. ಪೂಲ್ ಮುಣಗೈತಿ. ನಾವು ಹೊಳಿ ದಂಡಿ ಹಿಡದು ಒಳದಾರಿಲೆ ಅಂಕಲಿಗೆ ಬೀಳ್ತೀವಿ. ನೀನೂ ಅತ್ತಾಗಿಂದ ಸೀದಾ ಮನಿಗೆ ನಡಿ."

ಫೋನ್ ಕಟ್ಟಾತು. ಮಳಿಗೆ ನೆಟ್‌ವರ್ಕ್ ಹೋತು.

ಹೊಳಿ ದಂಡಿಗಿದ್ದವರು, ರೂಪೇಶ ಫಾಟಾಕ್ಕ ಹೋಗಿ ಮಹಾದೇವಗ ಹೇಳಿ ಕರಕೊಂಡು ಹೋಗ್ತಾನ ಅಂದ್ಕೊಂಡ್ರು. ರೂಪೇಶ, ಮುಂದಿದ್ದವರು ಒಳದಾರಿ ಹಿಡ್ಯೋ ಮೊದಲ ಮಹಾದೇವನ್ನ ಜೋಡಿ ಕರಕೊಂಡಿರ್ತಾರ ಅಂದ್ಕೊಂಡ. ಹತ್ತು ಮಂದಿ ಕೂಡಿದಲ್ಲಿ ಹಾವು ಸಾಯಂಗಿಲ್ಲ ಅಂತಾರಲ್ಲ, ಹಂಗ. ಇಲ್ಲಿ ಇದ್ದದ್ದು ಮೂರ ಮಂದಿ. ಮೂವರೂ ತಮ್ಮ ತಮ್ಮ ದಾರಿ ಹಿಡದು ಅಕ್ಕೋಳ ಮುಟ್ಟಿ, ಬಿಸಿ ನೀರು ಹಾಕ್ಕೊಂಡು, ಉಂಡು ಮಲಗಿದ್ರು. ಸಾವಿತ್ರೆವ್ವ ಕಂದೀಲ ಹಿಡಕೊಂಡು ಮನಿ ಮನಿ ಬಾಗಲಾ ಬಡದು "ನನ್ನ ಮಗ ಎಲ್ಲಿ ಅದಾನರ‍್ಯೋ?" ಅಂದಾಗನ ಅವರಿಗೆ ಎಚ್ಚರಾತು. ಆಗ ಎಲ್ಲಾ ಕಡೆ ಗಿಡ ಬಿದ್ದು ರಸ್ತೆ ಬಂದ್.

ಮುಂಜಾನೆ ಹಾಲಿನ ಗಾಡಿಯಾಂವ ನೋಡಿದ. ಆಲದ ದೊಡ್ಡ ಟೊಂಗಿ ಮುರದು ಬಿದ್ದಿತ್ತು. ಅದರ ಕೆಳಗ ಕಂಬಳಿ ಕಾಣತಿತ್ತು... ಗಾಡಿಗೆ ಏನೂ ಆಗಿರಲಿಲ್ಲ. ರಸ್ತೆ ದಂಡಿಗೆ ಹಂಗ ನಿಂತಿತ್ತು. ಬ್ಯಾಟರಿ ಖಾಲಿ. ಇಂಡಿಕೇಟರ್ ಸ್ವಿಚ್ಚು ಎಡಕ್ಕ ಸರಿಸಿದ್ದು ಎಡಕ್ಕನ ಇತ್ತು.

ಚಿಂಚಲಿ ಊರು ಅಲ್ಲಿಂದ ಕೂಗಿದ್ರ ಕೇಳೋವಷ್ಟು ಹತ್ರ. ಹೋಗಿ ಯಾರರೆ ಕಟ್ಟಿ ಮ್ಯಾಲ ಮಲಗಬಹುದಿತ್ತು. ಹೋಗಲಿಲ್ಲ. ಕಡೀ ಮನಶಾ ಬಂದಿರಲಿಲ್ಲಲ್ಲ.

ನನಗ ಇವತ್ತಿಗೂ ಆ ಮೂವರ ಮ್ಯಾಲ ಸಿಟ್ಟೈತಿ. ರೂಪೇಶ ತಮ್ಮಾದ್ರ ಏನಾತು, ಸಿಟ್ಟು ಸಿಟ್ಟನ.

ಪೋಲೀಸರು ಗಾಡಿ ಹೊಳ್ಳಿ ಕೊಟ್ಟ ದಿವಸ ಟೆಂಪೋದಾಗಿಂದ ಇಳಿಸಾಕ ನಾನೂ ಹೋಗಿದ್ದೆ. ಕುರಿ ದಡ್ಡಿ ಮಗ್ಗಲಿನ ತಗಡಿನ ಖೋಲ್ಯಾಗ ನಿಲ್ಲಿಸಿದ್ವಿ. ಸ್ವಿಚ್ಚು ಎಡಕ್ಕ ಇದ್ದದ್ದು ನೋಡಿ ನಾ ಸುಮ್ಮನ ನಡುವ ಸರಸಾಕ ಕೈ ಹಾಕಿದೆ. ಸಾವಿತ್ರೆವ್ವ ನನ್ನ ಕೈ ಮ್ಯಾಲ ಫಟ್ ಅಂತ ಹೊಡದ್ಳು.

"ಮುಟ್ಟಬ್ಯಾಡ. ಅಂವ ಹಾಕಿದ್ದು. ಅಂವನ ಬಂದು ತಗೀಲಿ."

ಗಾಡಿ ಮ್ಯಾಲ ತಾಡಪತ್ರಿ ಹೊಚ್ಚಿದ್ಳು. ಖೋಲಿಗೆ ಕೀಲಿ ಹಾಕಿದ್ಳು. ಕೀಲಿಕೈ ತನ್ನ ಎಲಿ ಅಡಕಿ ಚಂಚ್ಯಾಗ ಇಟ್ಕೊಂಡ್ಳು. ಆ ಚಂಚಿ ಅಕಿ ಮಲಗುವಾಗೂ ಸೊಂಟದಿಂದ ಬಿಚ್ಚಂಗಿಲ್ಲ, ಊರಿಗೆಲ್ಲಾ ಗೊತ್ತು.

ವರ್ಷ ತುಂಬಾಕ ಬಂತು. ಮತ್ತ ಮಳಿ ಹಿಡೀತು. ಒಂದಿವಸ ಸಾವಿತ್ರೆವ್ವ ರೂಪೇಶನ್ನ ಕರಿಸಿದ್ಳು. ಅಂವ ಅಕಿ ಮಾರಿ ನೋಡದ ವರ್ಷಪೂರ್ತಿ ತಪ್ಪಿಸಿಕೊಂಡು ಅಡ್ಯಾಡಿದಾಂವ, ಕುತ್ತಿಗಿ ಬಗ್ಗಿಸ್ಕೊಂಡು ಹೋಗಿ ನಿಂತ. ಆಕಿ ಬೈತಾಳ ಅಂತ ತಿಳದಿದ್ದ. ಬೈಲಿಲ್ಲ.

"ಕುಂಡ್ರಪಾ," ಅಂದ್ಳು. "ನಿಮ್ಮ ಪದ್ಧತಿಯೊಳಗ ಕಡೀ ಬರಾಂವ ನೀನಽ ಹೌದಲ್ಲೋ?"

"ಹೌದವ್ವಾ."

"ಅವತ್ತ ನೀ ಹೋಗಿ ಹೇಳಲಿಲ್ಲ."

"ಅಂವ ಇನ್ನೂ ಅಲ್ಲೇ ನಿಂತಾನ," ಅಂದ್ಳು ಸಾವಿತ್ರೆವ್ವ. "ಹಂಗ ನೋಡಬ್ಯಾಡ, ನನಗ ಹುಚ್ಚು ಹಿಡದಿಲ್ಲ. ಸಣ್ಣಾಂವಿದ್ದಾಗ ಒಂದು ಕುಂಟ ಮರಿ ಹಿಂದ ಉಳದಿತ್ತು. ಇಡೀ ರಾತ್ರಿ ಫಾಟಾದಾಗ ನಿಂತ. ನಾ ಹೋಗಿ ಎಳದ್ರೂ ಬರಲಿಲ್ಲ. ಮರಿ ಬಂದ ಮ್ಯಾಲನ ಬಂದ. ಅಂಥಾ ಹುಡುಗ ಅದು. ನೀ ಹೋಗಿ ಹೇಳು ಯಪ್ಪಾ. ನೀ ಹೇಳಿದ್ರ ಮನಿಗೆ ಬರ್ತಾನ. ನನ್ನ ಕೂಸು ಎಷ್ಟಂತ ಮಳ್ಯಾಗ ನಿಲ್ಲಬೇಕು?"

ಆ ರಾತ್ರಿ ರೂಪೇಶ ನಮ್ಮನಿಗೆ ಬಂದು ಅತ್ತ. ಗಂಡಸು ಮನಶಾ, ಸಣ್ಣ ಹುಡುಗರ ಗತೆ ಅತ್ತ. "ಹೋಗಿ ಹೇಳಿ ಬಾ, ಏನ್ ಗಂಟು ಹೋಗೂದೈತಿ?" ಅಂದೆ ನಾ. ಹೇಳೋದು ಭಾಳ ಸಲೀಸ ನೋಡ್ರಿ.

ಒಬ್ಬನ ಹೋಗಾಕ ಅಂವಗ ಧೈರ್ಯ ಇರಲಿಲ್ಲ. ಸತ್ತಾಂವನ್ನ ಮಾತಾಡಸಾಕ ಹೋಗೂಣ ಬರ್ರಿ ಅಂತ ಗೆಳ್ಯಾರನ್ನ ಕರ‍್ಯಾಕೂ ನಾಚಿಕಿ. "ಚಿಂಚಲಿ ಮಾಯಕ್ಕನ ಗುಡಿಗೆ ಹೋಗಿ ಬರೂಣು, ವರ್ಷಾತು ಎಲ್ಲೂ ಹೋಗಿಲ್ಲ" ಅಂದ. ಅವರು ಹೂಂ ಅಂದ್ರು. ಮಹಾದೇವನ ಹೆಸರು ಮಾತ್ರ ಯಾರೂ ಎತ್ತಲಿಲ್ಲ.

ಇನ್ನ ಈ ಹುಡುಗರ ಪ್ಲಾನ್ ಅಂದ್ರ ಏನಂತ ಕೇಳ್ತೀರಿ. ಮುಂಜಾನೆ ಗಾಡಿ ಚಾಲೂ ಮಾಡಿದ ಕೂಡ್ಲೆ ನಿಲೇಶ ಅಂದ, "ಮಾಯಕ್ಕ ಎಲ್ಲಿ ಓಡಿ ಹೊಂಟಾಳ? ಆಂಬೋಲಿ ಘಾಟ್‌ಗೆ ಹೋಗೂಣು, ಫಾಲ್ಸ್ ತುಂಬಿ ಹರ‍್ಯಾಕತ್ತಾವಂತ." ನಿಪ್ಪಾಣಿ ದಾಟಿ ಪಡುವಲಕ್ಕ ಹೊಂಟ್ರು. ಆಜ್ರಾ ಮುಟ್ಟೋದ್ರಾಗ ಎದುರಿಗೆ ಬಂದ ಟ್ರಕ್ಕಿನಾಂವ "ಘಾಟ್ ಬಂದ್ ಆಹೆ, ದರಡ್ ಪಡ್ಲೀಯ" ಅಂದ. ಗುಡ್ಡ ಕುಸದೈತಿ. ಹೊಳ್ಳಿದ್ರು. "ಅಥಣಿ ಕಡೆ ಮಳಿ ಕಡಿಮಿ ಇರ್ತೈತಿ" ಅಂದ ವಿಕ್ರಾಂತ. ಚಿಕ್ಕೋಡಿಗೆ ಬಂದು ಚಾ ಕುಡದ್ರು. ಚಾ ಅಂಗಡ್ಯಾಗ ಮತ್ತ ಪ್ಲಾನ್ ಬದಲಿ, ಮಾಂಜರಿ ಪೂಲಿನ ಮ್ಯಾಲ ಕಾಗವಾಡಕ್ಕ ಅಂದ್ರು. ಅಂಕಲಿ ಹಂತ್ಯಾಕ ಬಂದ್ರ ಟ್ರಕ್ಕು ಸಾಲುಗಟ್ಟಿ ನಿಂತಾವ, ರಸ್ತೆ ಮ್ಯಾಲ ನೀರು. ಅಲ್ಲಿಂದ ರಾಯಬಾಗಕ್ಕ ತಿರುಗಿದ್ರು. ಅಷ್ಟೊತ್ತಿಗೆ ಮಳಿ ಹೆಂಗ ಹೊಡ್ಯಾಕ ಹತ್ತಿತ್ತಂದ್ರ ಹೆಲ್ಮೆಟ್ ಮ್ಯಾಲ ಹರಳು ಸುರುವಿದಂಗ, ಟಪ ಟಪ ಟಪ ಟಪ...

ರಾಯಬಾಗದಾಗ ಒಂದು ಲಾಡ್ಜಿನಾಗ ಖೋಲಿ ಹಿಡದ್ರು. ನಿಲೇಶ ಹಸೀ ಅಂಗಿ ಹಿಂಡಿಕೋತ ಅಂದ, "ಸಾಕಪಾ ಸಾಕು. ನಾಳೆ ಮುಂಜಾನೆ ಸೀದಾ ಮನಿಗೆ."

"ಮತ್ತ ಚಿಂಚಲಿ?" ಅಂದ ರೂಪೇಶ.

"ಹಿಂಥಾ ಮಳ್ಯಾಗ? ಮುಂದಿನ ಸಲ ನೋಡೂಣಂತ."

ಮುಂದಿನ ಸಲ... ರೂಪೇಶಗ ಆ ಮಾತು ಎದಿಗೆ ಬಡೀತು. ಹಿಂಗ ಪ್ಲಾನ್ ಬದಲಾಗಿ ಬದಲಾಗಿನ ಮಹಾದೇವ ಅಲ್ಲಿ ಉಳದದ್ದು. ಇವತ್ತ ಮತ್ತ ಬಿಟ್ಟು ಹೋದ್ರ ಸಾವಿತ್ರೆವ್ವಗ ಯಾವ ಮಾರಿ ತೋರಸಬೇಕು? ನಿಲೇಶ ಮುಸುಕು ಎಳಕೊಂಡ. ವಿಕ್ರಾಂತ ಮೊಬೈಲ್ ಹಿಡಕೊಂಡು ಕುಂತ. "ಗುಟ್ಕಾ ತರ್ತೀನಿ" ಅಂತ ಹೇಳಿ ರೂಪೇಶ ಕೆಳಗಿಳದು ಗಾಡಿ ಚಾಲೂ ಮಾಡಿದ.

ಚಿಂಚಲಿ ದಾಟೋತನಕ ಗಾಡಿ ಬರೋಬ್ಬರಿ ನಡೀತು. ಊರು ದಾಟಿ ಒಂದು ತೆಗ್ಗಿನಾಗ ನೀರು ನಿಂತಿತ್ತು. ಗಾಡಿ ಅದರಾಗ ಇಳೀತು, ಗುಳುಕ್ ಅಂತು, ಬಂದ್ ಬಿತ್ತು. ಕಿಕ್ ಹೊಡದ. ಸೆಲ್ಫ್ ಒತ್ತಿದ. ಏನೂ ಇಲ್ಲ, ಕಡೀಕ ದೀಪನೂ ಹೋತು. ಮೊಬೈಲ್ ತೊಯ್ದು ಮೊದಲ ಬಂದಾಗಿತ್ತು. ಹಂಗ ದಬ್ಬಿಕೋತ ನಡದ.

ಅವಾಗ ಕೇಳಿದ್ದು ಅದು.

ಟಿಕ್... ಟಕ್. ಟಿಕ್... ಟಕ್.

ಆಲದ ಮರದ ಕೆಳಗ, ನೆಲದಿಂದ ಎರಡು ಮೊಳ ಮ್ಯಾಲ, ಒಂದು ಕೇಸರಿ ಬೆಳಕು. ಹತ್ತತಿತ್ತು, ಆರತಿತ್ತು. ಹತ್ತಿದಾಗ ಅದರ ಮುಂದಿನ ಮಳಿ ಹನಿ ಕಾಣತಿದ್ವು. ಒಂದು ಕಂಬಳಿ ಅಂಚು ಕಾಣತಿತ್ತು, ಅದರಿಂದ ನೀರು ಸೋರಾಕತ್ತಿತ್ತು. ಆರಿದಾಗ ಏನೂ ಇಲ್ಲ. ಬರೇ ಬಾಂವ್ಯಾಗ ಹನಿ ಬೀಳೋ ಸಪ್ಪಳ... ಡುಬುಕ್... ಡುಬುಕ್.

ಹಸೀ ಕಂಬಳಿ ವಾಸನಿ ಬಂತು. ಕುರಿ ವಾಸನಿ.

ಆಮ್ಯಾಲ ದನಿ ಬಂತು. ಪಿಸುಗುಟ್ಟಿದಂಗ.

"ಹಿಂದ... ಯಾರರೆ ಅದಾರೇನಲೇ?"

ಗಾಡಿ ಹ್ಯಾಂಡಲ್ ಗಟ್ಟಿ ಹಿಡದಿದ್ದಕ್ಕ ನಿಂತಿದ್ದೆ, ಇಲ್ಲಾಂದ್ರ ಅಲ್ಲೇ ಬೀಳ್ತಿದ್ದೆ ಅಂತ ರೂಪೇಶ ಹೇಳ್ತಾನ. ದನಿ ಗುರುತು ಹಿಡ್ಯಾಕ ಹೊತ್ತು ಬೇಕಾಗಲಿಲ್ಲ. ಕೂಡಿ ಉಂಡವರು, ಕೂಡಿ ಆಡಿದವರು.

"ಮಾದ್ಯಾ..."

"ಹಿಂದ ಯಾರರೆ ಅದಾರೇನು?"

ಮುಖ ಕಾಣಲಿಲ್ಲಂತ. ಕಾಣದಿದ್ದದ್ದ ಛಲೋ ಆತು. ರೂಪೇಶ ಒಣಗಿದ ನಾಲಗಿ ಎಳಕೊಂಡು, ವರ್ಷದ ಹಿಂದ ಹೇಳಬೇಕಾಗಿದ್ದ ಮಾತು ಹೇಳಿದ.

"ಯಾರೂ ಇಲ್ಲೋ. ನಾನಽ ಕಡೀ."

ಮುಗೀತು ಅಂದ್ಕೊಂಡ. ಇಂಡಿಕೇಟರ್ ಬಂದಾಕ್ಕೈತಿ ಅಂದ್ಕೊಂಡ.

ಟಿಕ್... ಟಕ್. ಟಿಕ್... ಟಕ್.

"ಅಲ್ಲ," ಅಂತು ದನಿ. "ಇನ್ನೊಬ್ಬಾಂವ ಬರಾಕತ್ತಾನ."

ನೋಡ್ರಿ, ಇಲ್ಲಿ ನನಗ ಈಗೂ ಮೈ ಝುಂ ಅಂತೈತಿ. ರೂಪೇಶ ಹಿಂದ ಹೊಳ್ಳಿ ನೋಡಿದ. ಕತ್ತಲಿ. ಮಳಿ. ಯಾರೂ ಇಲ್ಲ. ತಾ ಇಲ್ಲಿಗೆ ಬಂದದ್ದ ಯಾರಿಗೂ ಗೊತ್ತಿಲ್ಲ, ಇನ್ನ ಬರೋರ‍್ಯಾರು? ಬರಾಕತ್ತಾಂವ ಮನಶಾನೋ, ಮತ್ತೇನೋ? ಗಾಡಿ ಒಗದು ಚಿಂಚಲಿ ಕಡೆ ಓಡಿಬಿಡಬೇಕು ಅನಿಸ್ತಂತ. ಒಂದು ಹೆಜ್ಜಿ ಹಿಂದೂ ಇಟ್ಟ. ಆದ್ರ ಇವನ್ನ ಒಬ್ಬನ್ನ ಬಿಟ್ಟು ಹಿಂದಕ್ಕ ಹೋದದ್ದು ಒಮ್ಮೆ ಆಗೇತಲ್ಲ. ಎರಡನೇ ಹೆಜ್ಜಿ ಹಿಂದ ಹೋಗಲಿಲ್ಲ.

ನಿಂತ. ಗಾಡಿ ಸ್ಟ್ಯಾಂಡ್ ಹಾಕಿ, ಆ ಕೇಸರಿ ಬೆಳಕಿನ ಮಗ್ಗಲಿಗೆ ನಿಂತ. ಇಬ್ಬರೂ ಕೂಡಿ ಕಾದ್ರು... ಎಷ್ಟೊತ್ತು ಅಂತ ಅಂವಗೂ ಗೊತ್ತಿಲ್ಲ. ಬರೇ ಟಿಕ್ ಟಕ್.

ದೂರ ಒಂದು ದೀಪ ಕಾಣಿಸ್ತು. ಇಂಜಿನ್ ಸಪ್ಪಳ ಕೇಳಿಸ್ತು. ಬರೋ ರಭಸ ನೋಡಿದ್ರ ಫಾಟಾದಾಗ ನಿಲ್ಲೋ ಲಕ್ಷ್ಯನ ಇಲ್ಲ, ಎಡಕ್ಕ ಹೊಳೀ ದಾರೀಗೆ ನುಗ್ಗೋ ಅಂದಾಜು. ರೂಪೇಶ ಎರಡೂ ಕೈ ಎತ್ತಿಕೊಂಡು ರಸ್ತೆ ನಡುವ ಬಂದ. ಕರ‍್ರ್ರ್ ಅಂತ ಬ್ರೇಕು. ಗಾಡಿ ಜಾರಿ, ಅಡ್ಡಾಗಿ, ಅವನ ಮೊಳಕಾಲಿಗೆ ಬಂದು ನಿಂತ್ತು.

ವಿಕ್ರಾಂತ!

"ಎಲ್ಲಿ ಸಾಯಾಕ ಬಂದಿಲೇ ನೀ?" ಅಂತ ಒದರಿದ ವಿಕ್ರಾಂತ. "ಗುಟ್ಕಾ ತರ್ತೀನಿ ಅಂದಾಂವ ಚಿಂಚಲಿ ದಾರಿ ಹಿಡದಿ ಅಂತ ಲಾಡ್ಜಿನ ಮಾಲಕ ಹೇಳಿದ. ವರ್ಷಾತು ನೀ ನೆಟ್ಟಗಿಲ್ಲ. ಹೊಳಿಗೆ ಹಾರಾಕ ಹೋದ್ನೇನೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ಸೀದಾ ಪೂಲಿಗೇ ಹೊಂಟಿದ್ದೆ. ಇಲ್ಲಿ ಇಂಡಿಕೇಟರ್ ಹೊಡಕೊಳ್ಳೂದು ಕಂಡು ಬ್ರೇಕ್ ಹಿಡದೆ."

"ಎಲ್ಲಿ ಕಾಣ್ತು ಇಂಡಿಕೇಟರ್?"

"ನಿನ್ನ ಗಾಡೀದು. ಮತ್ಯಾರದು?"

ರೂಪೇಶನ ಗಾಡಿ ಕಪ್ಪಗ ನಿಂತಿತ್ತು. ಅದರಾಗ ಒಂದು ಕಿಡಿ ಕರೆಂಟ್ ಇರಲಿಲ್ಲ. ವಿಕ್ರಾಂತ ಅದನ್ನ ನೋಡಿದ. ಆಮ್ಯಾಲ ಆಲದ ಮರ ನೋಡಿದ. ಅಂವಗ ಬೆಳಕು ಈಗ ಕಾಣತಿರಲಿಲ್ಲ, ಆದ್ರ ಸಪ್ಪಳ ಕೇಳಸ್ತಿತ್ತು.

ರೂಪೇಶ ಅವನ ಕಿವ್ಯಾಗ ಪಿಸುಗುಟ್ಟಿದ. "ವಿಕ್ಯಾ, ನಿನ್ನ ಹಿಂದ ಯಾರರೆ ಅದಾರೇನು?"

"ಇಲ್ಲ. ನಿಲ್ಯಾ ಮಲಗ್ಯಾನ."

"ಹಂಗಾರ ಹೇಳು. ಜೋರಲೆ ಹೇಳು."

"ಏನಂತ ಹೇಳಲಿ?"

"ಗೊತ್ತಿಲ್ಲೇನು ನಿನಗ?"

ವಿಕ್ರಾಂತಗ ಗೊತ್ತಿತ್ತು. ಅವತ್ತ ಪ್ಲಾನ್ ಕ್ಯಾನ್ಸಲ್ ಅಂತ ಫೋನ್ ಮಾಡಿದಾಂವ ಅಂವನ ಅಲ್ಲೇನು? ಹೆಲ್ಮೆಟ್ ತಗದ. ಮಳಿ ಮಾರಿ ಮ್ಯಾಲ ಸುರೀತಿತ್ತು.

"ನಾನಽ ಕಡೀ," ಅಂದ. ಮಳಿ ಸಪ್ಪಳದಾಗ ಅದು ಮುಚ್ಚಿ ಹೋತು. ಮತ್ತೊಮ್ಮೆ ಅಂದ. "ನಾನಽ ಕಡೀ ಮಾದ್ಯಾ! ನನ್ನ ಹಿಂದ ಯಾರೂ ಇಲ್ಲ!"

ರೂಪೇಶಗ ಆಗ ಅಳು ತಡೀಲಿಲ್ಲ. "ಪ್ಲಾನ್ ಬದಲಾಗೈತೋ ಮಾದ್ಯಾ," ಅಂದ. "ಪೂಲ್ ಮುಣಗೈತಿ. ನಿನಗ ಹೇಳೋದು ಬಿಟ್ವಿ. ತಪ್ಪಾತೋ... ಮನಿಗೆ ನಡಿ. ಅವ್ವ ದಾರಿ ನೋಡಾಕತ್ತಾಳ."

ಟಿಕ್... ಟಕ್. ಟಿಕ್...

ನಿಂತ್ತು.

ಮಳಿ ಸಪ್ಪಳ ಒಂದ ಉಳೀತು. ಆಮ್ಯಾಲ ಕಿಕ್ ಹೊಡದ ಸಪ್ಪಳ. ಖರ್... ಮತ್ತೊಮ್ಮೆ, ಖರ್... ಹತ್ತಲಿಲ್ಲ. ಆ ಗಾಡಿ ಎಂದೂ ಒಂದ ಕಿಕ್ಕಿಗೆ ಹತ್ತಿದ್ದಲ್ಲ. ಮತ್ತೊಂದು ಖರ್... ಹತ್ತಿತು. ಸಣ್ಣ ಇಂಜಿನ್, ಅದರ ಜೋಡಿ ಸಡ್ಲ ಚೈನ್ ಕವರ್, ಕಟಕ್ ಕಟಕ್ ಕಟಕ್. ಇಬ್ಬರ ನಡುವಿಂದ ದಾಟಿ ಹೋತು. ಏನೂ ಕಾಣಲಿಲ್ಲ. ರಸ್ತೆ ಮ್ಯಾಲಿನ ನೀರು ಮಾತ್ರ ಸೀಳಿ ಎರಡೂ ಕಡೆ ಸರೀತು. ರಾಯಬಾಗದ ಕಡೆ, ಅಂದ್ರ ಅಕ್ಕೋಳದ ಕಡೆ, ಸಪ್ಪಳ ಸಣ್ಣಾಗಿ ಸಣ್ಣಾಗಿ... ಕೇಳಿಸದಂಗಾತು.

ರೂಪೇಶನ ಗಾಡಿ ಕಡೀತನಕ ಚಾಲೂ ಆಗಲಿಲ್ಲ. ಅಂವ ಮ್ಯಾಲ ಕುಂತ, ವಿಕ್ರಾಂತ ತನ್ನ ಗಾಡಿ ಮ್ಯಾಲಿಂದ ಕಾಲು ಹಚ್ಚಿ ದಬ್ಬಿಕೋತ ರಾಯಬಾಗದ ಮಟ ತಂದ. ಮುಂಜಾನೆ ಲಾಡ್ಜಿನ ಮಾಲಕ ಹೇಳಿದ್ನಂತ, ರಾತ್ರಿ ಕುಡಚಿ ಪೂಲಿಗೆ ಹಚ್ಚಿದ್ದ ಜಾಲಿ ಕಂಟಿ ನೀರಿಗೆ ಕೊಚ್ಚಿಕೊಂಡು ಹೋಗಿತ್ತು, ಕತ್ತಲದಾಗ ಹೋದಾಂವಗ ರಸ್ತೆ ಯಾವುದು ಹೊಳಿ ಯಾವುದು ಗೊತ್ತಾಗ್ತಿರಲಿಲ್ಲ ಅಂತ. ಅದನ್ನ ಕೇಳಿ ವಿಕ್ರಾಂತ ಚಾ ಕಪ್ಪು ಕೆಳಗಿಟ್ಟ, ಮತ್ತ ಎತ್ತಲಿಲ್ಲ.

ಅವತ್ತ ಅಕ್ಕೋಳಕ್ಕ ಬಂದ ಕೂಡ್ಲೆ ರೂಪೇಶ ನಮ್ಮನಿಗೆ ಬಂದು ನನ್ನ ರಟ್ಟಿ ಹಿಡದ. "ದಾದಾ, ಸಾವಿತ್ರೆವ್ವನ ಮನಿಗೆ ನೀನೂ ಬಾ. ನನಗ ಒಬ್ಬನ ಆಗಂಗಿಲ್ಲ." ಹೋದೆ. ವಿಕ್ರಾಂತನೂ ಬಂದಿದ್ದ. ನಿಲೇಶ ಹಿಂದ ದೂರ ನಿಂತಿದ್ದ.

ಸಾವಿತ್ರೆವ್ವ ಹೊಸ್ತಿಲ ಮ್ಯಾಲ ಕುಂತು ಎಲಿಗೆ ಸುಣ್ಣ ಹಚ್ಚಾಕತ್ತಿದ್ಳು. ರೂಪೇಶ ಬಾಯಿ ತಗೀಯೋಕಿಂತ ಮೊದಲ ಅಕಿ ಕೈ ಎತ್ತಿದ್ಳು. ಎದ್ದು ಚಂಚ್ಯಾಗಿಂದ ಕೀಲಿಕೈ ತಗದು ಖೋಲಿ ಕಡೆ ನಡದ್ಳು. ನಾವು ಹಿಂದ.

ಕೀಲಿಗೆ ತುಕ್ಕು ಹಿಡದಿತ್ತು. ತಗ್ಯಾಕ ಜಗ್ಗ್ಯಾಡಿದ್ಳು. ಒಳಗ ತಾಡಪತ್ರಿ ಮ್ಯಾಲ ಧೂಳು, ಕುರಿ ಹೊಟ್ಟು. ಎರಡೂ ಗಾಲಿ ಹವಾ ಇಲ್ಲದ ಕುಂತಿದ್ವು. ಮುಂದಿನ ಗಾಲಿ ಕಡ್ಡ್ಯಾಗ ಜ್ಯಾಡ ಬಲಿ ಕಟ್ಟಿತ್ತು, ಒಂದು ಎಳಿ ಹರದಿರಲಿಲ್ಲ. ಗಾಡಿ ಅಲ್ಲಿಂದ ಹಂದಿಲ್ಲ, ಇದನ್ನ ನಾ ಯಾವ ದೇವರ ಮುಂದ ಬೇಕಾದ್ರೂ ಹೇಳ್ತೀನಿ.

ಸಾವಿತ್ರೆವ್ವ ತಾಡಪತ್ರಿ ಸರಿಸಿದ್ಳು. ಹ್ಯಾಂಡಲ್ ನೋಡಿದ್ಳು. ಆಮ್ಯಾಲ ಸೆರಗಿಲೆ ಸೀಟು ಒರಿಸಿದ್ಳು, ಹೊರಗ ಬಂದ್ಳು, "ರೊಟ್ಟಿ ಬಡೀತೀನಿ, ಉಂಡು ಹೋಗ್ರಪಾ" ಅಂದ್ಳು. ವರ್ಷದಾಗ ಅಕಿ ಯಾರನ್ನೂ ಊಟಕ್ಕ ಕರದಿರಲಿಲ್ಲ.

ಅವರೆಲ್ಲಾ ಒಳಗ ಹೋದ್ರು. ನಾ ಹಿಂದ ಉಳದೆ. ನಂಬೋ ಮನಶಾ ಅಲ್ಲ ನೋಡ್ರಿ ನಾನು. ಗಾಡಿ ಹಂತ್ಯಾಕ ಹೋಗಿ ಬಗ್ಗಿ ನೋಡಿದೆ.

ಇಂಡಿಕೇಟರ್ ಸ್ವಿಚ್ಚು ನಡುವ ಬಂದಿತ್ತು.

ಹೆಬ್ಬಟ್ಟು ಹಚ್ಚಿ ಎಡಕ್ಕ ಸರಸಾಕ ನೋಡಿದೆ. ಗಟ್ಟಿ ಒತ್ತಿದೆ. ತುಕ್ಕು ತಿಂದು ಬಿಗದಿತ್ತು, ಕೂದಲೆಳಿಯಷ್ಟೂ ಹಂದಲಿಲ್ಲ. ನಕ್ಕೋತ ಕುಂತೀರಲ್ಲ, ನಾಳೆ ಬೆಳಕ ಹರದ ಮ್ಯಾಲ ಬರ್ರಿ ಅಕ್ಕೋಳಕ್ಕ. ಗಾಡಿ ಅಲ್ಲೇ ಐತಿ. ಖೋಲಿಗೆ ಈಗ ಸಾವಿತ್ರೆವ್ವ ಕೀಲಿ ಹಾಕಂಗಿಲ್ಲ.